ಹಳೆ ಜೀಪಿಗೆ ಕಾರ್ಪೆಟ್ ಹಾಕಿಸುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಹಳೆ ಮಹೀಂದ್ರ ಜೀಪ್ ಇಟ್ಟುಕೊಂಡಿರುವವರೇ, ಡ್ಯಾಶ್‌ಬೋರ್ಡಿಗೆ ರೆಕ್ಸಿನ್ ಹೊದಿಸಿ, ಕೆಳಗೆ ಕಾರ್ಪೆಟ್ ಹಾಸಿ, "ಒಳಗೆಲ್ಲ ಕಾರಿನ ಹಾಗೆ ಮಾಡಿಕೊಡ್ತೀವಿ ಸಾರ್" ಅಂತ ಯಾರಾದರೂ ಹೇಳಿದರೆ ಗಾಡಿ ಅಲ್ಲಿ ಬಿಡಬೇಡಿ. ನಾಪೋಕ್ಲು ಕಡೆಯ ನಮ್ಮ ತೋಟದ ಸಿಜೆ-3ಬಿ ಮಾಡೆಲ್ ಮಹೀಂದ್ರ ಜೀಪನ್ನು ಜಿಲ್ಲೆಯ ಹೊರಗಿನ ಒಂದು ವರ್ಕ್‌ಶಾಪಿನವರು ಹೀಗೇ ಹಾಳು ಮಾಡಿದರು.

ಬೇಸಿಗೆಯಲ್ಲಿ ಗಾಡಿ ಕೈಗೆ ಬಂದಾಗ ಫಳಫಳ ಅನ್ನುತ್ತಿತ್ತು. ಮಳೆ ಹಿಡಿದ ಮೇಲೆ ಬಂಡವಾಳ ಬಯಲಾಯಿತು. ಕ್ಯಾನ್ವಾಸ್ ಹುಡ್ಡಿನ ಜೀಪಿನೊಳಗೆ ನೀರು ಬಂದೇ ಬರುತ್ತದೆ. ಬರೀ ತಗಡಾದರೆ ಹರಿದು ಹೋಗುತ್ತದೆ, ಒರೆಸಿದರೆ ಒಣಗುತ್ತದೆ. ಇವರು ತಗಡಿಗೆ ಗಮ್ ಬಳಿದು ಸ್ಪಾಂಜ್ ಅಂಟಿಸಿ, ನೀರು ಇಳಿಯುವ ತೂತುಗಳನ್ನೂ ಮುಚ್ಚಿ, ಮೇಲೆ ಕಾರ್ಪೆಟ್ ಹಾಸಿದ್ದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆನೆದ ಸ್ಪಾಂಜ್ ಒಣಗುವುದುಂಟೇ? ಬೂಷ್ಟು ವಾಸನೆ ತಡೆಯಲಾಗದೆ ಡ್ರೈವರ್ ಕಾಲಡಿಯ ಕಾರ್ಪೆಟ್ ಕಿತ್ತರೆ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಆಚೆ ಹೋಯಿತು. ಹಳೆ ತುಕ್ಕನ್ನು ಕೆರೆಯದೆ ಮೇಲೆಯೇ ಪುಟ್ಟಿ ಮೆತ್ತಿದ್ದಾರೆ! ಬಿಲ್ಲಿನಲ್ಲಿ ಮಾತ್ರ ಹೊಸ ಶೀಟ್, ವೆಲ್ಡಿಂಗ್ ಎಂದು ದುಡ್ಡು ಹಾಕಿದ್ದರು. ಈ ಮೋಸಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಅದಕ್ಕಿಂತ ದೊಡ್ಡ ಅಪಾಯ ಡ್ಯಾಶ್‌ಬೋರ್ಡಿನ ಹಿಂದಿತ್ತು. ಈ ಜೀಪುಗಳ ಡ್ಯಾಶ್‌ಬೋರ್ಡ್ ತಗಡಿನದು, ಅಂದರೆ ಇಡೀ ಬೋರ್ಡೇ ಅರ್ತ್, ಕರೆಂಟ್ ಇರುವ ವೈರ್ ಎಲ್ಲಿ ತಾಗಿದರೂ ಶಾರ್ಟ್. ಬ್ಯಾಟರಿ ಚಾರ್ಜ್ ಆಗುವ ಕರೆಂಟ್, ಅದನ್ನು ಅಳೆದು ತೋರಿಸುವ ಆಂಪ್‌ಮೀಟರ್ ಮೂಲಕವೇ ಹಾದು ಹೋಗುತ್ತದೆ, ಆ ವೈರಿಗೆ ಬಹಳ ಗಾಡಿಗಳಲ್ಲಿ ಫ್ಯೂಸೂ ಇರುವುದಿಲ್ಲ. ದಪ್ಪ ವೈರ್ ಬೇಕಾದಲ್ಲಿ ತೆಳು ವೈರ್ ತಿರುಚಿ ಟೇಪ್ ಸುತ್ತಿದ್ದರು. ಮೀಟರಿನ ಬೋಲ್ಟು ತಗಡಿಗೆ ತಾಗದಂತೆ ತಡೆಯುವ ಫೈಬರ್ ವಾಷರ್ ಹಾಕಿರಲೇ ಇಲ್ಲ. ಭಾಗಮಂಡಲದಿಂದ ವಾಪಸ್ ಬರುವಾಗ ಹೆಡ್‌ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ರೆಕ್ಸಿನ್ ಸುಟ್ಟ ವಾಸನೆ, ಬೆನ್ನಿಗೇ ಹೊಗೆ. ತಮ್ಮ ಇಳಿದು ಓಡಿ ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಕಿತ್ತದ್ದಕ್ಕೆ ಗಾಡಿ ಉಳಿಯಿತು. ಮಡಿಕೇರಿಯ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ, "ಇದರಲ್ಲಿ ಒಂದಿಂಚು ವೈರೂ ನಂಬೋ ಹಾಗಿಲ್ಲ ಅಣ್ಣಾ, ಪೂರ್ತಿ ಹೊಸದು ಎಳೀಬೇಕು" ಅಂದ.

ಒರಿಜಿನಲ್ ಮೀಟರುಗಳೂ ಮಾಯ. ಕೇಳಿದರೆ "ಕೆಟ್ಟಿತ್ತು, ಗುಜರಿಗೆ ಹಾಕಿದೆವು" ಎಂಬ ಉತ್ತರ. ಡ್ಯಾಶ್‌ಬೋರ್ಡಿಗೆ ರಿವೆಟ್ ಹೊಡೆದಿದ್ದ ಚಾಸಿಸ್ ನಂಬರ್ ಪಟ್ಟಿಯನ್ನು ಕಿತ್ತು ಗ್ಲವ್ ಬಾಕ್ಸಿನಲ್ಲಿ ಎಸೆದಿದ್ದರು. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಇರುತ್ತದೆ. ಆಗ ಚಾಸಿಸ್ ನಂಬರ್ ನೋಡುತ್ತಾರೆ, ಹಾಗಾಗಿ ಅಂಥ ಪಟ್ಟಿಗೆ ಯಾರನ್ನೂ ಕೈ ಹಾಕಲು ಬಿಡಬೇಡಿ.

ಗಾಡಿ ಕೊಡುವ ಮೊದಲು ಡ್ಯಾಶ್‌ಬೋರ್ಡಿನ ಹಿಂದೆ ಮುಂದೆ ಎಲ್ಲ ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಪ್ರತಿ ಸಾಮಾನು, ಕೆಟ್ಟಿದ್ದರೂ ಸರಿ, ಚೀಲದಲ್ಲಿ ಹಾಕಿ ವಾಪಸ್ ಕೊಡಬೇಕು ಎಂದು ಎಸ್ಟಿಮೇಟಿನಲ್ಲೇ ಬರೆಸಿ. ತುಕ್ಕು ಕತ್ತರಿಸಿ ವೆಲ್ಡ್ ಮಾಡಿದ ಮೇಲೆ, ಪ್ರೈಮರ್ ಬಳಿಯುವ ಮೊದಲು, ನೀವೇ ಹೋಗಿ ಬರೀ ತಗಡು ನೋಡಿ. ನೆಲಕ್ಕೆ ರಬ್ಬರ್ ಮ್ಯಾಟ್ ಸಾಕು, ಅದನ್ನೂ ಅಂಟಿಸಕೂಡದು. ರೆಕ್ಸಿನ್ ಬೇಕೇ ಬೇಕು ಅನ್ನುವವರು ಸೀಟಿಗೆ ಹಾಕಿಸಿಕೊಳ್ಳಿ.