ಟ್ಯಾಂಕಿನ ನೆರಳು ನುಂಗಿದ ಸೋಲಾರ್

ಬೇಸಿಗೆಯ ನಡುಮಧ್ಯಾಹ್ನ ತಾರಸಿ ಹತ್ತಿ, ‘ಎಲ್ಲೂ ನೆರಳಿಲ್ಲ’ ಎಂದು ಅಳತೆ ಬರೆದುಕೊಂಡು ಹೋಗುವವರನ್ನು ನಂಬಬೇಡಿ. 400 ವ್ಯಾಟಿನ ಎಂಟು ಪ್ಯಾನೆಲ್‌ಗಳನ್ನು ಒಂದೇ ಸ್ಟ್ರಿಂಗ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಪಳಿಯಂತೆ, ಜೋಡಿಸಿದ ಮನೆಯೊಂದು ಹೀಗೇ ಕೆಟ್ಟಿತು. ಚಳಿಗಾಲ ಬಂದದ್ದೇ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಇನ್ವರ್ಟರ್‌ನ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಪೆಟ್ಟಿಗೆ) ಉತ್ಪಾದನೆಯ ಗ್ರಾಫ್ ಕತ್ತರಿಸಿದಂತೆ ಕುಸಿಯತೊಡಗಿತು. ಧೂಳಿರಬೇಕೆಂದು ತೊಳೆದದ್ದಾಯಿತು, ಇನ್ವರ್ಟರ್ ಬದಲಿಸಿದ್ದೂ ಆಯಿತು. ಕೊನೆಗೆ ಸಿಕ್ಕಿಬಿದ್ದದ್ದು ನೀರಿನ ಟ್ಯಾಂಕ್. ಅದರ ನೆರಳು ಎರಡು ಪ್ಯಾನೆಲ್‌ಗಳ ಕೆಳಭಾಗಕ್ಕಷ್ಟೇ ಬೀಳುತ್ತಿತ್ತು.

ಅಷ್ಟಕ್ಕೇ ಇಷ್ಟೊಂದು ನಷ್ಟವೇ? ಹೌದು. ಸ್ಟ್ರಿಂಗ್‌ನಲ್ಲಿ ಎಲ್ಲ ಪ್ಯಾನೆಲ್‌ಗಳಲ್ಲೂ ಹರಿಯುವುದು ಒಂದೇ ಕರೆಂಟ್. ನೆರಳು ಬಿದ್ದ ಸೆಲ್ ಅಡ್ಡ ನಿಂತರೆ ಬೈಪಾಸ್ ಡಯೋಡ್ ಎಂಬ ಬಿಡಿಭಾಗ ಅದನ್ನು ಬಿಟ್ಟು ಸುತ್ತುಹಾದಿಯಲ್ಲಿ ಕರೆಂಟ್ ಸಾಗಿಸುತ್ತದೆ. ಸಾಮಾನ್ಯವಾಗಿ ಒಂದು ಪ್ಯಾನೆಲ್‌ಗೆ ಮೂರು ಡಯೋಡ್, ಭಾಗಕ್ಕೊಂದರಂತೆ. ಪ್ಯಾನೆಲ್‌ನ ಉದ್ದ ಬದಿ ಮೇಲೆ-ಕೆಳಗಾಗಿದ್ದು ಕೆಳ ಅಂಚಿನ ಸೆಲ್ ಸಾಲು ಮುಚ್ಚಿದರೆ ಮೂರೂ ಭಾಗಗಳಿಗೆ ಏಟು. ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೆ-ಕೆಳಗೆ ಎರಡು ಭಾಗವಾಗಿ ಜೋಡಿಸಿದ ಹಾಫ್‌ಕಟ್ ಪ್ಯಾನೆಲ್‌ನಲ್ಲಿ ಮೇಲರ್ಧ ಉಳಿಯುತ್ತದೆ ಎನ್ನುತ್ತಾರೆ, ಅರ್ಧ ಸತ್ಯ. ಆ ಮೇಲರ್ಧ ಕೊಡುವುದು ಅರ್ಧ ಕರೆಂಟ್ ಮಾತ್ರ. ಹಾಗಾಗಿ ಇನ್ವರ್ಟರ್ ಆ ಪ್ಯಾನೆಲನ್ನು ಪೂರ್ತಿ ಬಿಡಬೇಕು, ಇಲ್ಲವೇ ಇಡೀ ಸ್ಟ್ರಿಂಗನ್ನು ಅರ್ಧಕ್ಕೆ ಇಳಿಸಬೇಕು. ಇವೆರಡರಲ್ಲಿ ಹೆಚ್ಚು ವಿದ್ಯುತ್ ಸಿಗುವುದನ್ನು ಹುಡುಕುವ ‘ನೆರಳಿನ ಸ್ಕ್ಯಾನ್’ ಸೆಟ್ಟಿಂಗ್ ಇನ್ವರ್ಟರ್‌ನಲ್ಲಿ ಆಫ್ ಆಗಿದ್ದರೆ ಅದು ಎರಡನೆಯದರಲ್ಲೇ ಸಿಕ್ಕಿಕೊಂಡೀತು.

ಗುರುತು ಸುಲಭ: ಮೋಡದ ಕುಸಿತ ದಿನಕ್ಕೊಂದು ಥರ, ನೆರಳಿನದು ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಹಣ ಕೊಡುವ ಮೊದಲು ಲೆಕ್ಕ ಹಾಕಿ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ವಸ್ತುವಿನ ಎತ್ತರದ 1.7 ಪಟ್ಟು, 20 ಡಿಗ್ರಿಯಲ್ಲಿ 2.7 ಪಟ್ಟು. ಪ್ಯಾನೆಲ್ ಮಟ್ಟದಿಂದ 1.5 ಮೀಟರ್ ಮೇಲೆದ್ದ ಟ್ಯಾಂಕ್ ಎಂದರೆ 20 ಡಿಗ್ರಿಯಲ್ಲಿ 4 ಮೀಟರ್ ನೆರಳು! ವರ್ಷದಲ್ಲೇ ಹಗಲು ಅತಿ ಚಿಕ್ಕದಾಗಿರುವ ದಿನದ ಬೆಳಗ್ಗೆ ಒಂಬತ್ತು ಮತ್ತು ಮಧ್ಯಾಹ್ನ ಮೂರರ ನೆರಳನ್ನು ಫೋನಿನ ಸೂರ್ಯಪಥದ ಆ್ಯಪ್‌ನಲ್ಲಿ ನೋಡಿ, ತಾರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಸಿ.

ಈಗಾಗಲೇ ಹಾಕಿಸಿಬಿಟ್ಟಿದ್ದರೆ ಮೊದಲು ಆ ಎರಡು ಪ್ಯಾನೆಲ್ ಸರಿಸಲು ಜಾಗವಿದೆಯೇ ನೋಡಿ. ಇಲ್ಲವಾದರೆ ಅವಕ್ಕಷ್ಟೇ ಆಪ್ಟಿಮೈಸರ್, ಅಂದರೆ ಒಂದೊಂದು ಪ್ಯಾನೆಲ್‌ನ ಕರೆಂಟನ್ನು ಬೇರೆಯಾಗಿ ಹೊಂದಿಸುವ ಚಿಕ್ಕ ಸಾಧನ. ಇನ್ವರ್ಟರ್‌ಗೆ ಹೊಂದುತ್ತದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಎರಡನ್ನೇ ಬೇರೆ ಸ್ಟ್ರಿಂಗ್ ಮಾಡುವ ಉಪಾಯ ಸಾಮಾನ್ಯವಾಗಿ ನಡೆಯದು, ಅವೆರಡು ಕೊಡುವ ಸುಮಾರು 60 ವೋಲ್ಟ್‌ಗೆ ಅನೇಕ ಸ್ಟ್ರಿಂಗ್ ಇನ್ವರ್ಟರ್‌ಗಳು ಎಚ್ಚರವಾಗುವುದೇ ಇಲ್ಲ. ‘ಇನ್ನೆರಡು ಪ್ಯಾನೆಲ್ ಸೇರಿಸೋಣ’ ಎಂಬ ಸಲಹೆಯಿಂದ ನೆರಳು ಹೋಗುವುದಿಲ್ಲ, ಬಿಲ್ ಬೆಳೆಯುತ್ತದೆ. ಮತ್ತೆ, ಬಿಸಿಲಿರುವಾಗ ಡಿಸಿ ಕನೆಕ್ಟರನ್ನು ನೀವೇ ಎಳೆಯಲು ಹೋಗಬೇಡಿ. ಇನ್ನೂರು ಚಿಲ್ಲರೆ ವೋಲ್ಟ್‌ನ ಡಿಸಿ ಆರ್ಕ್ (ವಿದ್ಯುತ್ ಕಿಡಿಜ್ವಾಲೆ) ಹೊತ್ತಿಕೊಂಡರೆ ಸುಲಭಕ್ಕೆ ಆರುವುದಿಲ್ಲ.