ಕಾಗದಗಳು ಹೇಳುವುದು ಒಂದು, ಕೈಪಿಡಿ ಹೇಳುವುದು ಇನ್ನೊಂದು

ಅಮೆರಿಕದ ಅಂತರ್ಯುದ್ಧಕ್ಕೆ ಮುಂಚಿನ ನಲವತ್ತು ವರ್ಷಗಳ ಮೂಲ ದಾಖಲೆಗಳನ್ನು ಅಚ್ಚುಕಟ್ಟಾದ ಪ್ರತಿಕೃತಿಗಳಾಗಿ ಮುದ್ರಿಸಿ, ತೆಳುವಾದ ಕೈಪಿಡಿಯೊಂದನ್ನು ಸೇರಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಮಾರುತ್ತಿರುವ ಸಂಗ್ರಹವೊಂದನ್ನು ಕೆಲವು ವಾರಗಳಿಂದ ಬಿಡಿಸಿ ಓದುತ್ತಿದ್ದೇನೆ. ಗುಲಾಮಗಿರಿಯ ಕುರಿತಾದ ಜಗಳಗಳು ಒಂದು ದೇಶವನ್ನು ಹೇಗೆ ಯುದ್ಧದ ಅಂಚಿಗೆ ತಂದವು ಎಂಬುದನ್ನು ಆ ಕಾಲದವರ ಕಾಗದಗಳಿಂದಲೇ ತೋರಿಸುವುದು ಸಂಗ್ರಹದ ಉದ್ದೇಶ. ಕಾಗದಗಳ ಆಯ್ಕೆ ಬಹಳ ಚೆನ್ನಾಗಿದೆ. ಆದರೆ ಕೈಪಿಡಿ ಬರೆದವರು ಅದೇ ಕಾಗದಗಳನ್ನು ಗಮನವಿಟ್ಟು ಓದಿದ್ದರೇ ಎಂಬ ಅನುಮಾನ ನನಗೆ ಕೊನೆಯವರೆಗೂ ಹೋಗಲಿಲ್ಲ.

ಮೊದಲ ಹಾಳೆ 1820ರ ಮಿಸ್ಸೌರಿ ಒಪ್ಪಂದದ್ದು. ಮಿಸ್ಸೌರಿಯನ್ನು ಗುಲಾಮಗಿರಿ ಇರುವ ರಾಜ್ಯವಾಗಿಯೂ ಮೇನ್ ಅನ್ನು ಇಲ್ಲದ ರಾಜ್ಯವಾಗಿಯೂ ಸೇರಿಸಿಕೊಂಡು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಸಮತೋಲ ಕಾಯ್ದದ್ದು, ಪಶ್ಚಿಮದ ಉಳಿದ ನೆಲದಲ್ಲಿ 36 ಡಿಗ್ರಿ 30 ಮಿನಿಟು ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿಯನ್ನು ನಿಷೇಧಿಸಿದ್ದು, ಇವೆರಡನ್ನೂ ಕೈಪಿಡಿ ಸರಿಯಾಗಿಯೇ ವಿವರಿಸುತ್ತದೆ. ಮುಂದಿನ ಎಲ್ಲ ತಕರಾರುಗಳೂ ಈ ಗೆರೆಯನ್ನು ಉಳಿಸಬೇಕೇ ಅಳಿಸಬೇಕೇ ಎಂಬುದರ ಸುತ್ತಲೇ ತಿರುಗುವುದರಿಂದ ಪೆಟ್ಟಿಗೆ ಇಲ್ಲಿಂದ ಆರಂಭವಾಗುವುದು ಸೂಕ್ತವಾಗಿದೆ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು 1850ರ ಕಾಯ್ದೆಯ ಹಾಳೆಗಳೊಂದಿಗೆ. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವುದಕ್ಕೆಂದು ಮಾಡಿದ ಈ ಕಾಯ್ದೆಯ ಪ್ರಕಾರ, ಸಿಕ್ಕಿಬಿದ್ದವನಿಗೆ ಜ್ಯೂರಿಯ ಮುಂದೆ ವಿಚಾರಣೆಯಿಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವಂತೆಯೂ ಇಲ್ಲ. ಅವನಿಗೆ ನೆರವಾದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. ತೀರ್ಮಾನ ಕೊಡುವ ಕಮಿಷನರಿಗೆ ಸಲ್ಲಬೇಕಾದ ಶುಲ್ಕದ ಸಾಲು ಎಂಟನೆಯ ವಿಧಿಯಲ್ಲಿದೆ: ಹಿಡಿದವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟುಕಳಿಸಿದರೆ 5 ಡಾಲರ್. ಒಪ್ಪಿಸುವಾಗ ಬರವಣಿಗೆಯ ಕೆಲಸ ಹೆಚ್ಚು, ಆದ್ದರಿಂದ ಶುಲ್ಕವೂ ಹೆಚ್ಚು ಎಂದು ಕಾಯ್ದೆಯ ಸಮರ್ಥಕರು ಸಮಜಾಯಿಷಿ ಕೊಡುತ್ತಿದ್ದರು. ಉತ್ತರದ ಸಾಮಾನ್ಯ ಜನ ಅದನ್ನು ನಂಬಲಿಲ್ಲ, ಹಾಳೆಯನ್ನು ಕೈಯಲ್ಲಿ ಹಿಡಿದಾಗ ನನಗೂ ನಂಬಿಕೆ ಬರಲಿಲ್ಲ. ಹತ್ತಿಯ ಹೊಲವನ್ನು ಎಂದೂ ಕಾಣದ ಉತ್ತರದವನನ್ನು ಈ ವ್ಯವಹಾರದಲ್ಲಿ ಪಾಲುದಾರನನ್ನಾಗಿ ಮಾಡಿದ್ದು ಈ ಕಾಯ್ದೆಯೇ, ಏಕೆಂದರೆ ಅಧಿಕಾರಿ ಕರೆದರೆ ಹಿಡಿಯುವ ಕೆಲಸಕ್ಕೆ ಕೈಜೋಡಿಸುವುದು ಇನ್ನು ಮುಂದೆ ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಯಿತು.

ಅದರ ಪಕ್ಕದಲ್ಲೇ ಬಾಸ್ಟನ್ ನಗರದ ಗೋಡೆಗಳಿಗೆ ಅಂಟಿಸಿದ 1851ರ ಏಪ್ರಿಲ್ 24ರ ಭಿತ್ತಿಪತ್ರವನ್ನು ಇಟ್ಟಿರುವುದು ಸಂಪಾದಕರ ಜಾಣ್ಮೆಯೆಂದೇ ಹೇಳಬೇಕು. ಗುಲಾಮಗಿರಿಯಿಂದ ಓಡಿಬಂದಿದ್ದ ಥಾಮಸ್ ಸಿಮ್ಸ್ ಎಂಬ ತರುಣನನ್ನು ಈ ಕಾಯ್ದೆಯಡಿ ಅದೇ ತಿಂಗಳು ನಗರದಿಂದ ಜಾರ್ಜಿಯಾಕ್ಕೆ ಸಾಗಿಸಲಾಗಿತ್ತು. ಕಪ್ಪುಜನರು ಕಾವಲುಗಾರರೊಂದಿಗೂ ಪೊಲೀಸರೊಂದಿಗೂ ಮಾತಿಗಿಳಿಯಬಾರದು, ಅವರೀಗ ಅಪಹರಣಕಾರರ ಕೆಲಸ ಮಾಡುತ್ತಿದ್ದಾರೆ ಎಂದು ಪತ್ರ ಎಚ್ಚರಿಸುತ್ತದೆ. ಸಾಲಿಗೊಂದು ಅಳತೆಯ ಅಚ್ಚುಮೊಳೆಗಳು, ದಪ್ಪಕ್ಷರದಲ್ಲಿ ಬರುವ ಎಚ್ಚರಿಕೆಯ ಪದ, ಅದರ ಬೆನ್ನಿಗೆ ಎರಡೆರಡು ಉದ್ಗಾರ ಚಿಹ್ನೆ. ಅವಸರದಲ್ಲಿ ಜೋಡಿಸಿ ಬೀದಿಗೆ ಕಳಿಸಿದ ಕಾಗದವೆಂಬುದು ಪ್ರತಿಕೃತಿಯಲ್ಲಿಯೂ ಕಾಣುತ್ತದೆ.

ಗುಲಾಮನಾಗಿದ್ದ ಡ್ರೆಡ್ ಸ್ಕಾಟ್ 1846ರ ಏಪ್ರಿಲ್ 6ರಂದು ಸೇಂಟ್ ಲೂಯಿಸ್ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಪುಟವೂ ಪೆಟ್ಟಿಗೆಯಲ್ಲಿದೆ. ಗುಲಾಮಗಿರಿ ಇಲ್ಲದ ನೆಲದಲ್ಲಿ ವರ್ಷಗಟ್ಟಲೆ ಇದ್ದುದರಿಂದ ತಾನು ಸ್ವತಂತ್ರನೆಂಬುದು ಅವನ ವಾದ. ಸಹಿ ಮಾಡಬೇಕಾದಲ್ಲಿ ಗುಮಾಸ್ತ ಬರೆದ ಹೆಸರಿದೆ, ಆ ಹೆಸರಿನ ನಡುವೆ ಸ್ಕಾಟ್ ಎಳೆದ ಕತ್ತರಿ ಗುರುತಿದೆ. ಆ ಗುರುತಿನಿಂದ ಹೊರಟ ವ್ಯಾಜ್ಯ ಹನ್ನೊಂದು ವರ್ಷ ಅಲೆದು, 1857ರ ಮಾರ್ಚ್ 6ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿಯವರ ತೀರ್ಪಿನಲ್ಲಿ ಮುಗಿಯಿತು: ಆಫ್ರಿಕಾ ಮೂಲದವರು ದೇಶದ ನಾಗರಿಕರಾಗಲಾರರು, ಹೊಸ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಇಲ್ಲ. 1820ರ ಗೆರೆಯನ್ನು ಕಾಂಗ್ರೆಸ್ ಮೂರು ವರ್ಷ ಮೊದಲೇ ಅಳಿಸಿತ್ತು. ಅಂಥ ಗೆರೆಯನ್ನು ಎಳೆಯುವ ಹಕ್ಕೇ ಇರಲಿಲ್ಲವೆಂದು ಈಗ ನ್ಯಾಯಾಲಯ ಹೇಳಿತು. ನನಗೆ ಬಂದ ಪೆಟ್ಟಿಗೆಯಲ್ಲಿ ಈ ಅರ್ಜಿಯ ಕೈಬರಹವನ್ನು ಓದಲು ನೆರವಾಗುವ ಟೈಪ್ ಮಾಡಿದ ಪ್ರತಿ ಇರಲಿಲ್ಲ, ಅದರ ಬದಲು ಮಿಸ್ಸೌರಿ ಒಪ್ಪಂದದ್ದೇ ಎರಡು ಇದ್ದವು. ಪತ್ರ ಬರೆದ ಮೇಲೆ ಪ್ರಕಾಶಕರು ಸರಿಯಾದ ಹಾಳೆಯನ್ನು ಕಳಿಸಿದರು. ಅದು ಕೈಸೇರುವವರೆಗೆ ಗುಮಾಸ್ತನ ಮೋಡಿ ಅಕ್ಷರದೊಂದಿಗೆ ಗುದ್ದಾಡಿದ್ದು ನಷ್ಟವೇನೂ ಆಗಲಿಲ್ಲ.

ಕಾನ್ಸಸ್ ಎಂಬ ಹೊಸ ಪ್ರಾಂತದ ಭಾಗ ಪೆಟ್ಟಿಗೆಯ ದುರ್ಬಲ ಭಾಗ. ಗುಲಾಮಗಿರಿ ಬೇಕೇ ಬೇಡವೇ ಎಂಬುದನ್ನು ಅಲ್ಲಿ ನೆಲೆಸಿದವರೇ ಮತ ಹಾಕಿ ನಿರ್ಧರಿಸಲಿ ಎಂದ ಸೆನೆಟರ್ ಸ್ಟೀಫನ್ ಡಗ್ಲಸ್ ಅವರ, 1820ರ ಗೆರೆಯನ್ನು ಅಳಿಸಿದ 1854ರ ಕಾಯ್ದೆಯ ಪಠ್ಯವನ್ನಷ್ಟೇ ಕೊಟ್ಟಿದ್ದಾರೆ. 1856ರ ಮೇ ತಿಂಗಳ ಒಂದೇ ವಾರದಲ್ಲಿ ಗುಲಾಮಗಿರಿ ವಿರೋಧಿಗಳ ಲಾರೆನ್ಸ್ ಪಟ್ಟಣದ ಲೂಟಿ, ಸೆನೆಟ್ ಸಭಾಂಗಣದಲ್ಲೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರ ಮೇಲೆ ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್ ನಡೆಸಿದ ಬೆತ್ತದ ಹಲ್ಲೆ, ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಕಡೆಯವರಿಂದ ಪೊಟಾವಟಮಿ ಹಳ್ಳದ ಬಳಿ ಐವರ ಹತ್ಯೆ, ಮೂರೂ ನಡೆದವು. ಅವಕ್ಕೆ ಒಂದು ಪತ್ರಿಕೆಯ ತುಣುಕೂ ಇಲ್ಲ.

ಈಗ ಕೈಪಿಡಿಯ ವಿಷಯ. ಯುದ್ಧಕ್ಕೆ ರಾಜ್ಯಗಳ ಹಕ್ಕು, ಆಮದು ಸುಂಕ, ಗುಲಾಮಗಿರಿ ಎಂಬ ಮೂರು ಕಾರಣಗಳಿದ್ದವು, ಅವುಗಳಲ್ಲಿ ಯಾವುದನ್ನೂ ಮುಖ್ಯವೆನ್ನಲಾಗದು ಎಂದು ಅದು ತೂಗಿ ಹೇಳುತ್ತದೆ. ಅದೇ ಪೆಟ್ಟಿಗೆಯ ದಕ್ಷಿಣ ಕೆರೊಲಿನಾ ಘೋಷಣೆ ಬೇರೆಯೇ ಮಾತಾಡುತ್ತದೆ. 1860ರ ಡಿಸೆಂಬರ್ 20ರಂದು 169 ಮತಗಳಿಂದ, ಒಂದೇ ಒಂದು ವಿರೋಧವಿಲ್ಲದೆ ಒಕ್ಕೂಟದಿಂದ ಹೊರಬಂದ ಆ ರಾಜ್ಯ, ನಾಲ್ಕು ದಿನಗಳ ಬಳಿಕ ತನ್ನ ಕಾರಣಗಳನ್ನು ಬರೆದು ಪ್ರಕಟಿಸಿತು. ಆಮದು ಸುಂಕದ ಪ್ರಸ್ತಾಪ ಅದರಲ್ಲಿ ಎಲ್ಲೂ ಇಲ್ಲ. 1832ರಲ್ಲಿ ಇದೇ ರಾಜ್ಯ ಸುಂಕಕ್ಕಾಗಿ ಕಾಲು ಕೆದರಿತ್ತೆಂಬುದು ನಿಜ, ಆದರೆ 1857ರ ಹೊತ್ತಿಗೆ ದಕ್ಷಿಣದ ಬೆಂಬಲದಿಂದಲೇ ಸುಂಕ ಇಳಿದಿತ್ತು. ಘೋಷಣೆಯ ದೂರುಗಳು ಇವು: ಓಡಿಹೋದವರನ್ನು ಉತ್ತರದ ರಾಜ್ಯಗಳು ಹಿಂದಿರುಗಿಸುತ್ತಿಲ್ಲ, ಅದಕ್ಕೆ ಅಡ್ಡಿಯಾಗುವ ಕಾನೂನುಗಳನ್ನು ತಾವೇ ಮಾಡಿಕೊಂಡಿವೆ, ನ್ಯೂಯಾರ್ಕಿನ ನ್ಯಾಯಾಲಯಗಳು ಗುಲಾಮನೊಂದಿಗೆ ಹಾದುಹೋಗುವುದಕ್ಕೂ ಬಿಡುತ್ತಿಲ್ಲ, ಗುಲಾಮಗಿರಿಗೆ ಹಗೆಯಾದವನನ್ನು (ಅಂದರೆ ಲಿಂಕನ್ ಅವರನ್ನು) ಅಧ್ಯಕ್ಷನನ್ನಾಗಿ ಆರಿಸಿದ್ದಾರೆ. ಮೊದಲ ಎರಡು ದೂರುಗಳಲ್ಲಿ ರಾಜ್ಯಗಳ ಹಕ್ಕನ್ನು ಚಲಾಯಿಸಿದ್ದು ಉತ್ತರದ ರಾಜ್ಯಗಳು, ಅದನ್ನು ಸಹಿಸದೆ ಹೋದದ್ದು ದಕ್ಷಿಣ ಕೆರೊಲಿನಾ. ವಿಸ್ಕಾನ್ಸಿನ್‌ನ ಉಚ್ಚ ನ್ಯಾಯಪೀಠ 1850ರ ಕಾಯ್ದೆಯನ್ನು ಅಸಿಂಧುವೆಂದಾಗ, 1859ರಲ್ಲಿ ಅದನ್ನು ತಳ್ಳಿಹಾಕಿ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿದವರೂ ಇದೇ ಟಾನಿಯವರು. ಮಿಸ್ಸಿಸಿಪ್ಪಿಯ ಘೋಷಣೆಯಂತೂ ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಪೂರ್ತಿ ಬೆಸೆದುಕೊಂಡಿದೆಯೆಂದು ಆರಂಭದಲ್ಲೇ ಒಪ್ಪಿಕೊಳ್ಳುತ್ತದೆ. ಆ ಜನ ಮರೆಮಾಚದೆ ಬರೆದದ್ದನ್ನು ಕೈಪಿಡಿ ಅವರ ಪರವಾಗಿ ಮರೆಮಾಚಲು ಹೊರಟಿರುವುದು ವಿಚಿತ್ರ.

ಕೊನೆಯದು 1861ರ ನಕ್ಷೆ. ಹಿಂದಿನ ವರ್ಷದ ಜನಗಣತಿಯ ಆಧಾರದ ಮೇಲೆ ದಕ್ಷಿಣದ ಪ್ರತಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಘಟಕದಲ್ಲಿ) ನೂರಕ್ಕೆ ಎಷ್ಟು ಮಂದಿ ಗುಲಾಮರೆಂಬುದನ್ನು ಅಂಕಿಯಲ್ಲಿ ಬರೆದು, ಸಂಖ್ಯೆ ಹೆಚ್ಚಿದಂತೆ ಕಪ್ಪನ್ನು ಗಾಢಗೊಳಿಸಿದ್ದಾರೆ. ಲಿಂಕನ್ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದರೆಂದು ಅವರ ಚಿತ್ರ ಬರೆದ ಫ್ರಾನ್ಸಿಸ್ ಕಾರ್ಪೆಂಟರ್ ದಾಖಲಿಸಿದ್ದಾರೆ. ಮಿಸ್ಸಿಸಿಪ್ಪಿ ನದಿಯ ಬಯಲಿನ ಇಸಾಕ್ವೀನಾ ಕೌಂಟಿಯಲ್ಲಿ ಪ್ರಮಾಣ ನೂರಕ್ಕೆ 92ನ್ನು ದಾಟುತ್ತದೆ. ಪೂರ್ವ ಟೆನೆಸ್ಸಿ, ಪಶ್ಚಿಮ ವರ್ಜೀನಿಯಾದ ಬೆಟ್ಟಗಳಲ್ಲಿ ಕಾಗದ ಹೆಚ್ಚುಕಡಿಮೆ ಬೆಳ್ಳಗೇ ಉಳಿದಿದೆ, ಒಕ್ಕೂಟ ಬಿಡಲು ಒಪ್ಪದವರು ಹೆಚ್ಚಾಗಿದ್ದದ್ದೂ ಅಲ್ಲಿಯೇ. ಗುಲಾಮರೇ ಅರ್ಧಕ್ಕಿಂತ ಹೆಚ್ಚಿದ್ದ ದಕ್ಷಿಣ ಕೆರೊಲಿನಾ ಮತ್ತು ಮಿಸ್ಸಿಸಿಪ್ಪಿ ಮೊದಲು ಹೊರಟವು. ಬಣ್ಣ ತೆಳುವಾದ ಮೇರಿಲ್ಯಾಂಡ್, ಡೆಲವೇರ್ ಹೊರಡಲೇ ಇಲ್ಲ. ಕೈಪಿಡಿಯ ಮೂರು ಕಾರಣಗಳ ತಕ್ಕಡಿಗೆ ಈ ಒಂದು ಹಾಳೆಯೇ ಉತ್ತರ. ದುರದೃಷ್ಟವಶಾತ್, ನಕ್ಷೆಯನ್ನು ಎಂಟು ಮಡಿಕೆ ಮಾಡಿ ತುರುಕಿರುವುದರಿಂದ ಒಂದು ಮಡಿಕೆ ನೇರವಾಗಿ ನದಿಯ ಬಯಲಿನ ಮೇಲೆಯೇ ಬಿದ್ದು, ಅತಿ ಗಾಢವಾದ ಕೌಂಟಿಗಳ ಅಂಕಿಗಳು ಬಿರುಕಿನಲ್ಲಿ ಮಾಸಿವೆ. ಭೂತಗನ್ನಡಿ ಹಿಡಿದೇ ಓದಬೇಕಾಯಿತು.

ಕಾಲೇಜಿನ ಇತಿಹಾಸ ವಿಭಾಗಗಳೂ ಆಸಕ್ತ ಓದುಗರೂ ಈ ಪೆಟ್ಟಿಗೆಯನ್ನು ಧಾರಾಳವಾಗಿ ಕೊಳ್ಳಬಹುದು. ಕೈಪಿಡಿಯನ್ನು ಬದಿಗಿಟ್ಟು 1850ರ ಕಾಯ್ದೆಯನ್ನು ಮೊದಲು ಓದಿ, ಅದರ ಬೆನ್ನಿಗೇ ದಕ್ಷಿಣ ಕೆರೊಲಿನಾದ ಘೋಷಣೆಯನ್ನು ಓದಬೇಕೆಂಬುದು ನನ್ನ ಸಲಹೆ. ನಕ್ಷೆಯನ್ನು ಮಾತ್ರ ಬಂದ ದಿನವೇ ಬಿಡಿಸಿ, ಸುರುಳಿ ಸುತ್ತಿ ಬೇರೆಯಾಗಿ ಇಡುವುದು ಒಳ್ಳೆಯದು.