ತಾರಸಿ ತೋಟ ಕಲಿಯೋಕೆ ಎಲ್ಲಿಗೆ ಹೋಗಬೇಕು? ನಾನು ಹೋಗಿ ಬಂದ ನಾಲ್ಕು ಜಾಗ

ಮನೆಯಲ್ಲೇ ತರಕಾರಿ ಬೆಳೆಯೋದನ್ನು ಕಲಿಯಬೇಕು, ಎಲ್ಲಿಗೆ ಹೋಗಲಿ ಅಂತ ಗೆಳತಿಯರು ಆಗಾಗ ಕೇಳುತ್ತಾರೆ. ಎರಡು ವರ್ಷದಲ್ಲಿ ನಾನು ನಾಲ್ಕು ಕಡೆ ಹೋಗಿ ಬಂದಿದ್ದೇನೆ. ದುಡ್ಡು ಕೊಟ್ಟು ಸೇರುವ ಒಂದು ದಿನದ ಕಾರ್ಯಾಗಾರ, ಸರ್ಕಾರದ ಎರಡು ದಿನದ ತರಬೇತಿ, ತಾರಸಿ ತೋಟದವರ ಸಂತೆ, ಆಮೇಲೆ ನಮ್ಮ ಬಡಾವಣೆಯವರೇ ತಿಂಗಳಿಗೊಮ್ಮೆ ಸೇರುವ ಕೂಟ. ನಾಲ್ಕೂ ಬೆಂಗಳೂರಿನಲ್ಲೇ. ನಮ್ಮದು ವಿಜಯನಗರದ ಹಳೇ ಮನೆ. ತಾರಸಿ ಸುಮಾರು 20 ಅಡಿಗೆ 30 ಅಡಿ ಇದೆ, ಮಧ್ಯಾಹ್ನದವರೆಗೆ ಚೆನ್ನಾಗಿ ಬಿಸಿಲು ಬೀಳುತ್ತದೆ.

ಶುರು ಮಾಡಿದಾಗ ನನಗೆ ಏನೂ ಗೊತ್ತಿರಲಿಲ್ಲ. ಅತ್ತೆ ಹಾಕಿದ್ದ ತುಳಸಿ, ದೊಡ್ಡಪತ್ರೆಗೆ ನೀರು ಹಾಕೋದು ಬಿಟ್ಟರೆ ಬೇರೆ ಅನುಭವ ಇಲ್ಲ.

ಒಂದು ದಿನದ ಕಾರ್ಯಾಗಾರ

ಮೊದಲು ಹೋಗಿದ್ದು ಇಲ್ಲಿಗೆ. 1,500 ರೂಪಾಯಿ ಶುಲ್ಕ, ಬೆಳಗ್ಗೆ 10ರಿಂದ ಸಂಜೆ 4ರವರೆಗೆ. ಊಟ ಅವರದ್ದೇ. ಹೊರಡುವಾಗ ಎರಡು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಒಂದಿಷ್ಟು ಬೀಜ, ಬೇವಿನ ಎಣ್ಣೆಯ ಸಣ್ಣ ಬಾಟಲಿ ಕೊಟ್ಟರು.

ಇದರಲ್ಲಿ ನಿಜವಾಗಿ ಇಷ್ಟವಾಗಿದ್ದು ಅವರು ಕೈಯಿಂದ ಮಾಡಿಸಿದ್ದು. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಒತ್ತಿ ಮಾಡಿದ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದೆವು. 5 ಕಿಲೋ ಇಟ್ಟಿಗೆ ಉಬ್ಬಿ ದೊಡ್ಡ ಟಬ್ ತುಂಬಿದ್ದನ್ನು ಕಣ್ಣಾರೆ ನೋಡಿದೆ. ಅದಕ್ಕೆ ಕೆಂಪು ಮಣ್ಣು, ಎರೆಗೊಬ್ಬರ ಸೇರಿಸಿ ಮಿಶ್ರಣ ಮಾಡಿ ಚೀಲಕ್ಕೆ ತುಂಬಿದೆವು. ಮಿಶ್ರಣ ಹದವಾಗಿದೆಯಾ ಅಂತ ನೋಡೋಕೆ ಹಿಡಿ ಹಿಂಡಿ ನೋಡಬೇಕು, ಒಂದೆರಡು ಹನಿ ಬಂದರೆ ಸಾಕು, ಧಾರೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ. ಟ್ರೇಯಲ್ಲಿ ಬೀಜ ಹಾಕುವಾಗ ಬೀಜದ ಗಾತ್ರದ ಎರಡರಷ್ಟು ಆಳ ಸಾಕು ಅಂದರು. ಮಣ್ಣು ಮುಟ್ಟೋಕೆ ಹೆದರುತ್ತಿದ್ದ ನನಗೆ ಆ ಒಂದು ದಿನ ಧೈರ್ಯ ಕೊಟ್ಟಿತು.

ಆದರೆ ಅಲ್ಲಿದ್ದ ಗಿಡಗಳೆಲ್ಲ ಆರೋಗ್ಯವಾಗಿದ್ದವು. ಅದರ ಕಷ್ಟ ಗೊತ್ತಾಗಿದ್ದು ಆರು ವಾರದ ಮೇಲೆ. ನನ್ನ ಮೆಣಸಿನ ಗಿಡದ ಎಲೆ ಮುದುಡಿಕೊಂಡಾಗ ಅವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಎರಡು ದಿನದ ಮೇಲೆ ಬಂದ ಉತ್ತರ, ಇಂಥ ಬಾಟಲಿ ತಗೊಳ್ಳಿ, ಲಿಂಕ್ ಇಲ್ಲಿದೆ ಅಂತ. ಎಲೆ ಯಾಕೆ ಮುದುಡಿತು ಅಂತ ಯಾರೂ ಹೇಳಲಿಲ್ಲ. ಆ ಗಿಡ ಉಳಿಯಲಿಲ್ಲ.

ಸರ್ಕಾರದ ತರಬೇತಿ

ಎರಡು ದಿನ, ಅದೂ ಮಂಗಳವಾರ ಮತ್ತು ಬುಧವಾರ. ಕೆಲಸಕ್ಕೆ ಹೋಗುವವರು ರಜೆ ಹಾಕಲೇಬೇಕು. ಶುಲ್ಕ ಹೆಸರಿಗೆ ಮಾತ್ರ. ಇಡೀ ದಿನ ಕುರ್ಚಿಯಲ್ಲಿ ಕೂತು ಪರದೆ ನೋಡೋದು. ಮಣ್ಣು ಮುಟ್ಟಿದ್ದು ಕೊನೆಯ ಅರ್ಧ ಗಂಟೆ.

ಆದರೂ ಇದನ್ನು ನಾನು ಬಿಟ್ಟುಕೊಡೋದಿಲ್ಲ. ಪಾಠ ಮಾಡಿದವರಿಗೆ ವಿಷಯ ಆಳವಾಗಿ ಗೊತ್ತಿತ್ತು. ನನ್ನ ಮೆಣಸಿನ ಗಿಡ ಯಾಕೆ ಸತ್ತಿತು ಅನ್ನೋದು ತಿಳಿದದ್ದು ಇಲ್ಲೇ. ಮೆಣಸಿನ ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿಕೊಂಡರೆ ಅದು ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಮಡಚಿಕೊಂಡು, ಎಲೆಯ ತೊಟ್ಟು ಉದ್ದವಾದರೆ ಅದು ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ ಬೇರೆ. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕದ ಪುಡಿ ಕೆಲಸ ಮಾಡುತ್ತದೆ, ಅದೇ ಪುಡಿಯಿಂದ ಥ್ರಿಪ್ಸ್ ಹತೋಟಿಗೆ ಬರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಈ ಒಂದು ಮಾತಿಗೇ ಎರಡು ದಿನದ ರಜೆ ಸಾರ್ಥಕ ಅನ್ನಿಸಿತು.

ತೊಂದರೆ ಅಂದರೆ ಲೆಕ್ಕ. ಎಲ್ಲವೂ ಎಕರೆಯ ಲೆಕ್ಕ. ಜೀವಾಮೃತ ಅನ್ನುವ ದ್ರವ ಗೊಬ್ಬರಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಮೂವತ್ತು ಚೀಲ ಇರುವವಳು ಇಷ್ಟನ್ನು ಏನು ಮಾಡಲಿ? ಮನೆಗೆ ಬಂದು ನಾನೇ ಇಳಿಸಿಕೊಂಡೆ. 10 ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಚಿಟಿಕೆ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಸಲ ಕಡ್ಡಿಯಿಂದ ತಿರುವಬೇಕು. ಎರಡು ದಿನದ ಮೇಲೆ ಒಂದಕ್ಕೆ ಹತ್ತು ಪಾಲು ನೀರು ಸೇರಿಸಿ ಹಾಕುತ್ತೇನೆ. ಹತ್ತಿರದಲ್ಲಿ ಹಸು ಕಟ್ಟಿದವರ ಮನೆ ಇದ್ದರೆ ಇದು ಬಹಳ ಸುಲಭ.

ಸಂತೆ

ಊಟ ಫ್ರಮ್ ಯುವರ್ ತೋಟ ಬೆಂಗಳೂರಿನ ತಾರಸಿ ತೋಟದವರಿಗೆಲ್ಲ ಗೊತ್ತಿರುವ ಹೆಸರು. ಗಾರ್ಡನ್ ಸಿಟಿ ಫಾರ್ಮರ್ಸ್ ಟ್ರಸ್ಟ್‌ನವರು ಇದನ್ನು 2011ರಲ್ಲಿ ಶುರು ಮಾಡಿದರು, ಊರಿನ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಸುತ್ತಾ ಬಂದಿದ್ದಾರೆ. ಈ ಊರಿನಲ್ಲಿ ತಾರಸಿ ಮೇಲೆ ತರಕಾರಿ ಬೆಳೆಯುವ ಮಾತನ್ನು ಹಬ್ಬಿಸಿದವರಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರದ್ದು ದೊಡ್ಡ ಪಾಲು.

ಇದು ಸಂತೆ, ತರಗತಿ ಅಲ್ಲ. ಬೀಜ, ಸಸಿ, ಎರೆಗೊಬ್ಬರ, ಬೇವಿನ ಹಿಂಡಿ, ಕಾಂಪೋಸ್ಟ್ ಡಬ್ಬಿ ಎಲ್ಲ ಒಂದೇ ಕಡೆ ಸಿಗುತ್ತದೆ. ನನಗೆ ಖುಷಿ ಕೊಟ್ಟಿದ್ದು ಬೀಜ, ಸಸಿ ಹಂಚಿಕೊಳ್ಳುವ ಜಾಗ. ನಿಮ್ಮ ಮನೆಯಲ್ಲಿ ಜಾಸ್ತಿ ಇರೋದನ್ನು ತಂದು ಇಡಿ, ನಿಮಗೆ ಬೇಕಾದ್ದನ್ನು ತಗೊಂಡು ಹೋಗಿ. ನಾನು ದೊಡ್ಡಪತ್ರೆಯ ಕಡ್ಡಿ ಕೊಟ್ಟೆ. ಬಸಳೆ, ಒಂದೆಲಗ, ಚಕ್ರಮುನಿ ಸೊಪ್ಪಿನ ಕಡ್ಡಿ ಮನೆಗೆ ಬಂತು. ಈ ಮೂರೂ ಇವತ್ತಿಗೂ ನಮ್ಮ ತಾರಸಿಯಲ್ಲಿವೆ. ಯಾವ ಕಾರ್ಯಾಗಾರದಿಂದ ತಂದದ್ದೂ ಇಷ್ಟು ದಿನ ಬಾಳಿಲ್ಲ.

ಹೊಸಬರಿಗೆ ನನ್ನದೊಂದು ಕಿವಿಮಾತು. ಇಂಥ ಕಡೆ ಬೀಜ ತಗೊಳ್ಳುವ ಮೊದಲು ಸುಮ್ನೆ ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಇದು ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ ಗಿಡದ ಬೀಜವಾ? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಟೊಮೆಟೊ ಬಹಳ ಒಳ್ಳೆಯದು, ಎಲೆ ಮುಟುರು ವೈರಸ್ ಸೇರಿ ಮೂರು ರೋಗ ತಡೆಯುತ್ತದೆ. ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುತ್ತದೆ ಅನ್ನುವ ಭರವಸೆ ಇಲ್ಲ. ಎರಡನೆಯದು, ಅಕ್ಕಪಕ್ಕ ಅದೇ ಜಾತಿಯ ಬೇರೆ ತಳಿ ಇತ್ತಾ? ಹುರುಳಿಕಾಯಿ, ನಾಟಿ ಟೊಮೆಟೊ ಹೆಚ್ಚಾಗಿ ತಮ್ಮೊಳಗೇ ಪರಾಗ ಕಟ್ಟಿಕೊಳ್ಳುತ್ತವೆ, ಅವನ್ನು ಧೈರ್ಯವಾಗಿ ತಗೋಬಹುದು. ಕುಂಬಳ, ಸೌತೆ ಹಾಗಲ್ಲ. ಜೇನು ಎಲ್ಲಿಂದ ಎಲ್ಲಿಗೆ ಹಾರಿತೋ ಯಾರಿಗೆ ಗೊತ್ತು. ನಮ್ಮ ಬಡಾವಣೆಯ ಕೂಟದಲ್ಲಿ ಸಿಕ್ಕ ಸಿಹಿಗುಂಬಳದ ಬೀಜದಲ್ಲಿ ನನಗೆ ಎರಡು ಗಿಡ, ಎರಡು ಥರದ ಕಾಯಿ ಬಂತು.

ಬಡಾವಣೆಯ ಕೂಟ

ಇದಕ್ಕೆ ಹೆಸರಿಲ್ಲ, ಶುಲ್ಕ ಇಲ್ಲ. ತಿಂಗಳ ಎರಡನೇ ಭಾನುವಾರ ಒಬ್ಬರ ಮನೆಯ ತಾರಸಿಯಲ್ಲಿ ಸೇರುತ್ತೇವೆ. ಹದಿನೈದು ಜನ ಇರಬಹುದು. ಒಂದೇ ನಿಯಮ. ಬರುವಾಗ ಚೆನ್ನಾಗಿ ಬಂದ ಗಿಡ ತರಬೇಡಿ, ಹಾಳಾಗುತ್ತಿರುವ ಗಿಡದ ಎಲೆಯನ್ನೋ ಕೊಂಬೆಯನ್ನೋ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬನ್ನಿ.

ಮೊದಲ ಸಲ ಹೋದಾಗ ನನಗಿದು ವಿಚಿತ್ರ ಅನ್ನಿಸಿತ್ತು. ಈಗ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಚೆನ್ನಾಗಿರುವ ಗಿಡ ನೋಡಿ ನಾವು ಏನು ಕಲಿಯುತ್ತೇವೆ? ಆಸೆಯಾಗುತ್ತದೆ ಅಷ್ಟೇ. ಮುದುಡಿದ ಎಲೆ, ಕೊಳೆತ ಬೇರು, ಉದುರಿದ ಹೀಚು ಕೈಗೆ ಸಿಕ್ಕಾಗಲೇ ಕಣ್ಣು ಪಳಗೋದು.

ನನ್ನ ಹೀರೆ ಬಳ್ಳಿಯ ಕಥೆ ಹೇಳಲೇಬೇಕು. ಬಳ್ಳಿ ಚಪ್ಪರ ತುಂಬಿತ್ತು, ಹೂವೂ ಬೇಕಾದಷ್ಟು. ಆದರೆ ಒಂದು ಕಾಯಿಯೂ ನಿಲ್ಲುತ್ತಿರಲಿಲ್ಲ. ಬೆರಳುದ್ದ ಬಂದು ಹಳದಿಯಾಗಿ ಉದುರುತ್ತಿತ್ತು. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಬೇಕು, ಬೆಳಗ್ಗೆ ಎಂಟರೊಳಗೆ ಮಾಡಬೇಕು ಅಂತ ಕಾರ್ಯಾಗಾರದಲ್ಲಿ ಹೇಳಿಕೊಟ್ಟಿದ್ದರು. ಮೂರು ವಾರ ದಿನಾ ಬೆಳಗ್ಗೆ ಮಾಡಿದೆ. ಏನೂ ಆಗಲಿಲ್ಲ. ಉದುರಿದ ನಾಲ್ಕು ಹೀಚು ಕವರಿನಲ್ಲಿ ಹಾಕಿಕೊಂಡು ಕೂಟಕ್ಕೆ ಹೋದೆ.

ಅಲ್ಲಿ ತುಮಕೂರು ಕಡೆಯ ಒಬ್ಬರು ಅಜ್ಜಿ ಬರುತ್ತಾರೆ. ಮಗನ ಮನೆಯಲ್ಲಿದ್ದಾರೆ. ಹೀಚು ನೋಡಿ, "ಹೂ ಯಾವಾಗ ಮುಟ್ಟಿಸ್ತೀಯಮ್ಮ?" ಅಂದರು.

"ಬೆಳಗ್ಗೆ ಏಳಕ್ಕೆ ಅಜ್ಜಿ."

"ಹೀರೆ ಹೂವು ಸಂಜೆ ಅಲ್ವೇನವ್ವಾ ಅರಳೋದು. ಬೆಳಗ್ಗೆ ನೀನು ಹೋಗೋ ಹೊತ್ತಿಗೆ ಅದರ ಕೆಲಸ ಮುಗಿದಿರ್ತದೆ."

ಆವತ್ತು ಸಂಜೆ ಆರಕ್ಕೆ ತಾರಸಿ ಹತ್ತಿದೆ. ಹಳದಿ ಹೂವುಗಳು ನನ್ನ ಕಣ್ಣೆದುರೇ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟು ದಿನ ಆ ಬಳ್ಳಿಗೆ ನೀರು ಹಾಕಿದವಳು ನಾನು, ಅದು ಯಾವಾಗ ಅರಳುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ. ಐದು ಹೆಣ್ಣು ಹೂವಿಗೆ ಮುಟ್ಟಿಸಿದೆ, ನಾಲ್ಕು ಕಾಯಿ ನಿಂತವು. ಸೋರೆಯೂ ಸಂಜೆಯದ್ದೇ. ಕುಂಬಳ, ಹಾಗಲ ಬೆಳಗಿನವು. ಕಾರ್ಯಾಗಾರದಲ್ಲಿ ಹೇಳಿದ್ದು ಕುಂಬಳಕ್ಕೆ ಸರಿಯಾಗಿತ್ತು, ಎಲ್ಲ ಬಳ್ಳಿಗೂ ಒಂದೇ ಅಂದದ್ದು ತಪ್ಪಾಯಿತು.

ಕೂಟದಲ್ಲಿ ಕೊರತೆಯೂ ಇದೆ, ಮುಚ್ಚಿಡಬಾರದು. ಒಂದೇ ಪ್ರಶ್ನೆಗೆ ಐದು ಉತ್ತರ ಬರುತ್ತದೆ. ಒಬ್ಬರು ಹುಳಿ ಮಜ್ಜಿಗೆ ಸಿಂಪಡಿಸಿ ಅಂದರೆ ಇನ್ನೊಬ್ಬರು ಬೂದಿ ಎರಚಿ ಅನ್ನುತ್ತಾರೆ. ಅವರೆ ಗಿಡದ ಹೇನಿಗೆ ಬೂದಿ ನನ್ನ ಕೈಯಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಮೆಣಸಿನ ಮುಟುರಿಗೆ ಮಜ್ಜಿಗೆ ಹಾಕಿದರೆ ಒಂದು ಗಿಡ ಚೇತರಿಸಿತು, ಎರಡು ಹೋದವು. ಅವು ಥ್ರಿಪ್ಸೋ ಮೈಟೋ ವೈರಸ್ಸೋ ಅಂತ ಮೊದಲು ನೋಡಬೇಕಿತ್ತು. ಆ ಕಣ್ಣು ಕೊಟ್ಟಿದ್ದು ಸರ್ಕಾರದ ತರಬೇತಿ. ಅದಕ್ಕೇ ನಾನು ಒಂದನ್ನು ಹೊಗಳಿ ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ಮೂರು ಮಣ್ಣು, ಒಂದೇ ಬದನೆ

ಕಾರ್ಯಾಗಾರ, ತರಬೇತಿ, ಕೂಟ, ಮೂರೂ ಕಡೆ ಮಣ್ಣಿನ ಮಿಶ್ರಣ ಬೇರೆ ಬೇರೆ ಹೇಳಿದ್ದರು. ಯಾವುದು ಸರಿ ಅಂತ ನಾನೇ ನೋಡಿದೆ. ಒಂದೇ ಟ್ರೇಯ ಆರು ಬದನೆ ಸಸಿ ತಗೊಂಡು ಜೂನ್‌ನಲ್ಲಿ ಎರಡೆರಡು ಚೀಲಕ್ಕೆ ನೆಟ್ಟೆ. ಎಲ್ಲ 12 ಇಂಚು ಅಗಲ, 12 ಇಂಚು ಎತ್ತರದ ಚೀಲ.

ಕಾರ್ಯಾಗಾರದ್ದು ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮ ಸಮ. ಮೊದಲ ತಿಂಗಳು ಎಲ್ಲರಿಗಿಂತ ಮುಂದೆ ಓಡಿತು. ಆಮೇಲೆ ಎಲೆ ತಿಳಿ ಹಳದಿಗೆ ತಿರುಗಿತು. ಕೋಕೋಪೀಟಿನಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಬಹಳ ಕಡಿಮೆ, ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡುತ್ತಲೇ ಇರಬೇಕು. ಇನ್ನೊಂದು ತೊಂದರೆ, ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒದ್ದೆ ಇರುತ್ತದೆ. ಮಳೆಗಾಲದಲ್ಲಿ ಇದು ತಿಳಿಯದೆ ನೀರು ಹಾಕಿ ಒಂದು ಗಿಡದ ಬೇರು ಕೊಳೆಯಿತು. ಈಗ ಬೆರಳು ಎರಡು ಗೆಣ್ಣು ಒಳಗೆ ಹಾಕಿ ನೋಡದೆ ನೀರು ಹಾಕೋದಿಲ್ಲ.

ತರಬೇತಿಯದ್ದು ಹಳೇ ಕಾಲದ ಲೆಕ್ಕ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಗಿಡ ನಿಧಾನ, ಆದರೆ ಗಟ್ಟಿ. ಕಾಯಿಯೂ ಒಳ್ಳೆಯದು. ಕಷ್ಟ ಇರೋದು ಭಾರದಲ್ಲಿ. ಆ ಚೀಲದಲ್ಲಿ ಸುಮಾರು 22 ಲೀಟರ್ ಹಿಡಿಯುತ್ತದೆ. ಒದ್ದೆಯಾದರೆ ಒಂದೊಂದೂ 35 ಕಿಲೋ ಹತ್ತಿರ. ಇಪ್ಪತ್ತು ಚೀಲ ಇಟ್ಟರೆ 700 ಕಿಲೋ! ಹಳೇ ಮನೆಯ ತಾರಸಿಗೆ ಇದು ಸಣ್ಣ ಮಾತಲ್ಲ. ಕೂಟದಲ್ಲಿರುವ ನಿವೃತ್ತ ಇಂಜಿನಿಯರ್ ಒಬ್ಬರು ಚೀಲಗಳನ್ನು ತಾರಸಿಯ ನಡುವೆ ಗುಂಪಾಗಿ ಇಡಬೇಡಿ, ಕೆಳಗೆ ಗೋಡೆ ಇರುವ ಕಡೆ ಸಾಲಾಗಿ, ಸ್ಟ್ಯಾಂಡ್ ಮೇಲೆ ಇಡಿ ಅಂದರು. ಹಾಗೇ ಮಾಡಿದೆ.

ಕೂಟದ್ದು ಒಣ ಎಲೆ. ಚೀಲದ ಅರ್ಧದವರೆಗೆ ಒಣ ಎಲೆ ತುಳಿದು ತುಂಬಿ, ಮೇಲೆ ಮನೆಯ ಕಾಂಪೋಸ್ಟ್, ಸ್ವಲ್ಪ ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ಖರ್ಚು ಬೇವಿನ ಹಿಂಡಿಯದ್ದು ಮಾತ್ರ. ಮೊದಲ ಬದನೆ ಎರಡು ವಾರ ತಡವಾಗಿ ಬಂತು. ಮೂರು ತಿಂಗಳಲ್ಲಿ ಎಲೆ ಕರಗಿ ಮಟ್ಟ ಒಂದು ಗೇಣು ಇಳಿಯಿತು, ಮೇಲೆ ತುಂಬಿಸುತ್ತಾ ಹೋಗಬೇಕು. ಆದರೆ ಆ ಚೀಲವನ್ನು ನಾನೊಬ್ಬಳೇ ಎತ್ತಿಡಬಹುದು. ಮುಂದಿನ ಬೇಸಿಗೆಯವರೆಗೂ ಕಾಯಿ ಕೊಟ್ಟಿದ್ದು ಅದೊಂದೇ. ಜೊತೆಗೆ ನಮ್ಮ ರಸ್ತೆಯ ಹೊಂಗೆ ಮರದ ಎಲೆ ಗುಡಿಸಿ ಸುಡುವುದು ನಿಂತಿತು, ಅದು ನನಗೆ ತುಂಬಾ ದೊಡ್ಡ ಸಮಾಧಾನ.

ಈಗ ನಾನು ಹಾಕೋದು ಎಲೆ ಚೀಲವೇ, ಕೆಂಪು ಮಣ್ಣು ಮಾತ್ರ ಸ್ವಲ್ಪ ಜಾಸ್ತಿ, ಕಾಲು ಭಾಗದಷ್ಟು.

ನೀವು ಎಲ್ಲಿಗೆ ಹೋಗಬೇಕು?

ಮಣ್ಣು ಮುಟ್ಟೋಕೇ ಹಿಂಜರಿಕೆ ಇದ್ದರೆ ದುಡ್ಡು ಕೊಟ್ಟು ಒಂದು ದಿನದ ಕಾರ್ಯಾಗಾರಕ್ಕೆ ಹೋಗಿ, ತಪ್ಪಿಲ್ಲ. ಸೇರುವ ಮೊದಲು ಒಂದು ಮಾತು ಕೇಳಿಕೊಳ್ಳಿ, ಒಂದು ತಿಂಗಳ ಮೇಲೆ ನನ್ನ ಗಿಡಕ್ಕೆ ಏನಾದರೂ ಆದರೆ ಯಾರು ನೋಡುತ್ತಾರೆ ಅಂತ. ಆಗಲೇ ಹತ್ತು ಚೀಲ ಇದ್ದು, ರೋಗದಿಂದ ಬೇಸತ್ತಿದ್ದರೆ ಸರ್ಕಾರದ ತರಬೇತಿಗೆ ರಜೆ ಹಾಕಿ ಹೋಗಿ. ಬೀಜ, ಕಡ್ಡಿ ಬೇಕಿದ್ದರೆ ಸಂತೆ. ಒಂದೇ ಒಂದು ಆರಿಸಿಕೊಳ್ಳಿ ಅಂದರೆ ನಾನು ಕೂಟಕ್ಕೇ ಹೋಗುತ್ತೇನೆ. ನಿಮ್ಮ ರಸ್ತೆಯಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸಾಕು, ಶುರು ಮಾಡಬಹುದು. ಅವರಲ್ಲಿ ಒಬ್ಬರಾದರೂ ಹಳ್ಳಿಯಲ್ಲಿ ಹೊಲ ಮಾಡಿದವರಿರಲಿ.

ಬರುವ ಭಾನುವಾರ ಕೂಟ ನಮ್ಮ ತಾರಸಿಯಲ್ಲೇ. ಬೆಂಡೆಯ ಎಲೆಯ ನರ ಹಳದಿಯಾಗಿದೆ, ಒಂದು ಗಿಡವನ್ನು ಕೀಳದೆ ಹಾಗೇ ಬಿಟ್ಟಿದ್ದೇನೆ. ಅಜ್ಜಿಗೆ ತೋರಿಸಬೇಕು.